ಬಿಟ್ಟು ಮುಂದೆ ಹೋಗಬಹುದು

"ಈ ಸಾಲು ನಾನು ಬರೆದಿದ್ದಲ್ಲ," ಎನ್ನುತ್ತ ಐಸೊಬೆಲ್ ಟೈಟ್ ಕರಡಚ್ಚಿನ ಹಾಳೆಯನ್ನು ಪ್ರಕಾಶಕನ ಮೂಗಿನಡಿಗೇ ತಳ್ಳಿದಳು.

ಚಂದ್ರನ ದೂರ ಅಳೆಯುವ ಅಧ್ಯಾಯದ ನೆತ್ತಿಯ ಮೇಲೆ ಸಣ್ಣಕ್ಷರದಲ್ಲಿ ಅದು ಕೂತಿತ್ತು: 'ಸಾಮಾನ್ಯ ಓದುಗರು ಈ ಅಧ್ಯಾಯವನ್ನು ಬಿಟ್ಟು ಮುಂದೆ ಹೋಗಬಹುದು.'

ಗಿಲ್ಬರ್ಟ್ ಲಾರಿಮರ್ ಕೆಟ್ಟವನೇನಲ್ಲ. ಅವನ 'ಮನೆಮಂದಿಯ ಜ್ಞಾನಮಾಲೆ'ಯನ್ನು ಎಡಿನ್‌ಬರೋದ ಚಮ್ಮಾರರೂ ಮನೆಗೆಲಸದವರೂ ಕೊಂಡು ಓದುತ್ತಿದ್ದರು. ಜನರಿಗೆ ಜ್ಞಾನ ಹಂಚಬೇಕೆಂಬ ಹಂಬಲ ಅವನದು ನಿಜವೇ. ಆದರೆ ಜನರ ತಲೆಗೆ ಎಷ್ಟು ಹಿಡಿಸುತ್ತದೆ ಎಂಬುದನ್ನು ಮಾತ್ರ ಅವನೊಬ್ಬನೇ ಕೂತು ತೀರ್ಮಾನಿಸಿಬಿಟ್ಟಿದ್ದ.

"ಟೈಟ್ ಅಮ್ಮೋರೆ, ಇದು ಉಪಕಾರ ಕಣ್ರೀ. ಪಾಪ, ದುಡಿದು ಬಂದವ್ರು. ಕೋನ ಗೀನ ಅಂದ್ರೆ ಪುಸ್ತಕ ಮುಚ್ಚಿಟ್ಟು ಮಲಗ್ತಾರೆ. ಎಲ್ಲಾ ಪುಸ್ತಕದಲ್ಲೂ ಹಾಕ್ತೀವಿ."

"ಮುಖಪುಟದಲ್ಲಿ ನನ್ನ ಹೆಸರು ಬೇಡ ಅಂದ್ರಿ, ಒಪ್ಪಿದೆ. ಇದನ್ನ ಒಪ್ಪಲ್ಲ. ಈ ಸಾಲು ಇದ್ರೆ ಪುಸ್ತಕ ನನಗೆ ವಾಪಸ್ ಕೊಡಿ."

"ಇವತ್ತು ಮಧ್ಯಾಹ್ನ ಅಚ್ಚಿಗೆ ಹೋಗ್ಬೇಕಲ್ರೀ!"

"ಅದಕ್ಕೇ ಬೆಳಿಗ್ಗೆನೇ ಬಂದೆ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಎರಡು ಚಳಿಗಾಲ ಕಣ್ಣು ನೋಯಿಸಿಕೊಂಡು ಬರೆದ ಪುಸ್ತಕದಲ್ಲಿ ಅವಳಿಗೆ ಪ್ರಾಣವಾಗಿದ್ದದ್ದು ಆ ಅಧ್ಯಾಯವೊಂದೇ. ಚಂದ್ರ ಇಷ್ಟು ದೂರ ಇದ್ದಾನೆ ಎಂದು ಯಾರು ಬೇಕಾದರೂ ಬಾಯಿಪಾಠ ಒಪ್ಪಿಸಬಹುದು. ಅದು ಹೇಗೆ ಗೊತ್ತಾಯಿತು ಎಂಬುದೇ ಅಲ್ಲವೇ ಸೊಗಸು?

"ನಿಮ್ಮನೇಲೇ ಯಾರನ್ನಾದ್ರೂ ಕರೀರಿ," ಎಂದಳು. "ಅವ್ರಿಗೆ ಅರ್ಥ ಆಗ್ಲಿಲ್ಲ ಅಂದ್ರೆ ಸಾಲು ಇರ್ಲಿ."

ಲಾರಿಮರ್‌ಗೆ ನಗು ಬಂತು. ಅಂಗಡಿಯ ಹಿಂದಿನ ಮನೆಯ ಕಡೆ ತಿರುಗಿ, "ಗ್ರಿಜೆಲ್!" ಎಂದು ಕೂಗಿದ.

ಅವನ ಅಕ್ಕ ಒಳಬಂದಳು. ಗಲ್ಲಾ, ಗಿರಾಕಿ, ಅಡುಗೆ ಮೂರನ್ನೂ ನಿಭಾಯಿಸುವವಳು. ಏಪ್ರನ್ನಿನ ಮೇಲೆ ಓಟ್ ಹಿಟ್ಟು ಮೆತ್ತಿತ್ತು.

"ಏನ್ ಗಿಬ್, ಬಡಕೊಳ್ತಿದ್ದೀಯ? ರೊಟ್ಟಿ ಕಾವಲಿ ಮೇಲಿದೆ."

ಐಸೊಬೆಲ್ ಅವಳನ್ನು ಕಿಟಕಿಯ ಬಳಿ ನಿಲ್ಲಿಸಿದಳು. ಎದುರಿಗೆ ಚರ್ಚಿನ ಗೋಪುರ. "ಹೆಬ್ಬೆರಳು ಕಣ್ಣಿಗೆ ಹತ್ರ ಹಿಡೀರಿ. ಎಡಗಣ್ಣು ಮುಚ್ಚಿ. ಈಗ ಎಡಗಣ್ಣು ತೆರೆದು ಬಲಗಣ್ಣು ಮುಚ್ಚಿ."

"ಅಯ್ಯೋ, ಬೆರಳು ಜಿಗೀತು! ಗೋಪುರದ ಈ ಕಡೆ ಇದ್ದಿದ್ದು ಆ ಕಡೆ ಬಂತು."

"ಈಗ ಕೈ ಪೂರ್ತಿ ಚಾಚಿ."

ಗ್ರಿಜೆಲ್ ಮತ್ತೆ ಕಣ್ಣು ಪಿಳಿಪಿಳಿ ಮಾಡಿದಳು. ತಡೆದು ತಡೆದು ಹೇಳಿದಳು: "ಕಮ್ಮಿ ಜಿಗೀತು. ದೂರ ಹೋದಷ್ಟೂ ಕಮ್ಮಿ... ಹಾಗಾದ್ರೆ ಎಷ್ಟು ಜಿಗೀತು ಅಂತ ಅಳೆದ್ರೆ, ಎಷ್ಟು ದೂರ ಅಂತ ಹೇಳ್ಬಹುದಲ್ಲ?"

"ಚಂದ್ರನ ದೂರಾನೂ ಹಾಗೇ. ಕಣ್ಣುಗಳ ಬದಲು ದೂರದೂರದ ಎರಡು ಊರು, ಅಷ್ಟೇ."

ಒಳಗಿಂದ ಸೀದ ವಾಸನೆ ಬಂತು. ಯಾರೂ ಕದಲಲಿಲ್ಲ. ಗ್ರಿಜೆಲಳ ಮುಖ ಅರಳಿದ್ದನ್ನು ನೋಡಿ ಐಸೊಬೆಲ್‌ಗೆ, ಗೆದ್ದೆ ಎನ್ನುವುದಕ್ಕಿಂತ ಹೆಚ್ಚಿನ ಏನೋ ಸಂತೋಷವಾಯಿತು.

"ನಮ್ಮ ಮಾಲೆಯಲ್ಲಿ ಇಂಥದ್ದೂ ಇರುತ್ತಾ?" ಎಂದು ಗ್ರಿಜೆಲ್ ತಮ್ಮನನ್ನು ಕೇಳಿದಳು.

"ನೀನು ಎಲ್ಲಾ ಓದಿದ್ದೀಯಲ್ಲೇ!"

"ಓದಿದ್ದೀನಿ. ಬಿಡಬಹುದು ಅಂತ ಇದ್ದ ಕಡೆ ಬಿಟ್ಟಿದ್ದೀನಿ. ನೀನೇ ತಾನೆ ಅಚ್ಚು ಹಾಕಿಸಿದ್ದು? ನಮ್ಮಂಥವ್ರಿಗಲ್ಲ ಅಂದ್ಕೊಂಡೆ."

ಕೋಪದಲ್ಲಿ ಹೇಳಿದ ಮಾತಾಗಿರಲಿಲ್ಲ. ಲಾರಿಮರ್ ಅದಕ್ಕೇ ಇನ್ನಷ್ಟು ಕುಗ್ಗಿದ. ಲೇಖನಿ ಎತ್ತಿಕೊಂಡು ಆ ಸಾಲನ್ನು ಹೊಡೆದುಹಾಕಿದ. ಹಾಳೆಯನ್ನು ಐಸೊಬೆಲ್ ಕಡೆ ತಿರುಗಿಸಿ ತೋರಿಸಿದ.

"ಈ ಪುಸ್ತಕಕ್ಕೆ ಮಾತ್ರಾನಾ?" ಎಂದಳು ಅವಳು.

"ಇನ್ಮುಂದೆ ಯಾವುದಕ್ಕೂ ಇಲ್ಲ. ಸಾಕೇನ್ರೀ?"

ಐಸೊಬೆಲ್ ಹೊರಟಾಗ ಗ್ರಿಜೆಲ್ ಅಂಗಡಿಯಲ್ಲಿ ಮಾಲೆಯ ಮೊದಲ ಪುಸ್ತಕವನ್ನು ಕಪಾಟಿನಿಂದ ಇಳಿಸಿಕೊಂಡಿದ್ದಳು. ಆಗಿನ ಪುಸ್ತಕಗಳ ಹಾಳೆಗಳು ಅಂಚಿನಲ್ಲಿ ಕೂಡಿಕೊಂಡೇ ಬರುತ್ತಿದ್ದವು; ಆ ಮಡಿಕೆಯನ್ನು ಓದುವವರೇ ಸೀಳಿಕೊಳ್ಳಬೇಕಿತ್ತು. ಮೊದಲಿನ ಪುಟಗಳೂ ಕೊನೆಯ ಪುಟಗಳೂ ಓದಿ ಓದಿ ಮಾಸಿದ್ದವು. ನಡುವೆ ಒಂದಷ್ಟು ಹಾಳೆ ಮಾತ್ರ ಮಡಿಕೆ ಬಿಚ್ಚದೆ, ಬೆಳ್ಳಗೆ, ಮುಚ್ಚಿಕೊಂಡೇ ಇದ್ದವು. ಅವಳು ಚಾಕು ತೂರಿಸಿ ನಿಧಾನವಾಗಿ ಎಳೆದಳು.

ಬಾಗಿಲ ಗಂಟೆ ಕಿಣಿಗುಟ್ಟಿತು. ಗಿರಾಕಿಯೊಬ್ಬ ಕೆಮ್ಮಿದ.

"ಸ್ವಲ್ಪ ಇರಪ್ಪಾ," ಎಂದಳು ಗ್ರಿಜೆಲ್, ತಲೆ ಎತ್ತದೆ.