ಹಾರೆಗೆ ಮೊನೆ

ಮಗನ ಹೆಗಲೇರುತ್ತಿದ್ದ ನೀರಿನ ಮಡಕೆಯನ್ನು ಸೋಮಮ್ಮ ಕಿತ್ತುಕೊಂಡು ಜಗಲಿಯ ಮೇಲೆ ಕುಕ್ಕಿದಳು. ಮಡಕೆ ಒಡೆಯಲಿಲ್ಲ. ತುಳುಕಿದ ನೀರು ಹರಿದು, ಅಂಗಳದಲ್ಲಿ ಹೊನ್ನಯ್ಯನನ್ನು ಮಲಗಿಸಿದ್ದ ಚಾಪೆಯ ಅಂಚಿಗೆ ಬಂದು ನಿಂತಿತು.

"ಮೊದ್ಲು ಮಾತಾಗ್ಲಿ. ಆಮೇಲೆ ನನ್ ಮಗ ಮಡಕೆ ಹೊರ್ತಾನೆ," ಎಂದಳು.

ಒದ್ದೆ ಪಂಚೆಯಲ್ಲಿದ್ದ ರಘುನಂದನ್ ತಲೆ ತಗ್ಗಿಸಿದ. "ದೊಡ್ಡಪ್ಪನ್ ಮುಂದೆ ಬ್ಯಾಡ ಬುಡವ್ವ."

"ಬದ್ಕಿದ್ದಾಗ ನಿನ್ ದೊಡ್ಡಪ್ಪ ನನ್ ಮಾತು ಕೇಳಿದ್ನಾ? ಈಗ ಕೇಳ್ಲಿ."

ಹೊನ್ನಯ್ಯನಿಗೆ ಗಂಡುಮಕ್ಕಳಿಲ್ಲ. ಇದ್ದ ಒಬ್ಬಳೇ ಮಗಳು ಚಂದನಳನ್ನು ಮಳವಳ್ಳಿಗೆ ಕೊಟ್ಟಿತ್ತು. ಮಡಕೆ ಹೊತ್ತು ಗುಂಡಿಯ ಸುತ್ತ ತಿರುಗಬೇಕಾದವನು, ತೀರಿಹೋದ ತಮ್ಮನ ಮಗ ರಘುವೇ. ಇದನ್ನು ಸೋಮಮ್ಮ ಬೆಳಗಿನಿಂದ ಸೆರಗಿನ ಗಂಟಿನ ಹಾಗೆ ಬಿಗಿಯಾಗಿ ಹಿಡಿದುಕೊಂಡಿದ್ದಳು. ಹೆಣದ ಮುಂದೆ ಕೊಟ್ಟ ಮಾತಿಗೆ ಆ ಊರಲ್ಲಿ ಯಾರೂ ತಪ್ಪುವುದಿಲ್ಲ. ಇವತ್ತು ಬಿಟ್ಟರೆ ಆ ಮಿಷನ್ನು ಇನ್ನು ಕದಲುವುದಿಲ್ಲ.

ಮಿಷನ್ನು ಇದ್ದದ್ದು ಎರಡು ಮನೆಗಳ ನಡುವಿನ ಗೋಡೆಯ ಆ ಬದಿಗೆ, ತಗಡಿನ ಚಾವಣಿಯ ಕೆಳಗೆ. ಆಳಿಗಿಂತ ಎತ್ತರದ ಕಬ್ಬಿಣದ ಮೈ. ಮೋಟರು ಹಾಕಿ ಕಾಲಲ್ಲಿ ಪೆಡಲು ತುಳಿದರೆ ಮೇಲಿನ ದಪ್ಪ ಸುತ್ತಿಗೆ ತಾನೇ ಎದ್ದು ಬಿದ್ದು ಕಾದ ಕಬ್ಬಿಣವನ್ನು ಬಡಿಯುತ್ತದೆ. ಅದು ಬಡಿದಷ್ಟು ಹೊತ್ತೂ ಸೋಮಮ್ಮನ ಗೋಡೆ ನಡುಗುತ್ತಿತ್ತು. ಸೂರಿನಿಂದ ಹೊರಟ ಬಿರುಕು ಈಗ ದೇವರ ಗೂಡನ್ನೂ ದಾಟಿ ಇಳಿದಿತ್ತು.

ಗಂಡನ ತಲೆಯ ಬಳಿ ಕೂತಿದ್ದ ಹೊಂಬಾಳಮ್ಮ ಕತ್ತೆತ್ತಲಿಲ್ಲ. "ಏನ್ ಮಾತು, ಯೋಳು."

"ಆ ಮಿಷನ್ ಎತ್ತುಸ್ಬೇಕು. ಗುಜ್ರಿಯವ್ನಿಗೆ ಕೊಡ್ತಿಯೋ, ನಾಲೆಗ್ ಆಕ್ತಿಯೋ ನಿನ್ನಿಷ್ಟ. ನನ್ ಗೋಡೆ ಪಕ್ಕ ಇರ್ಬಾರ್ದು."

"ನೋಡ್ರಪ್ಪ. ಎಣ ಎತ್ತಕ್ ಬಂದೋಳಲ್ಲ, ಮಿಷನ್ ಎತ್ತಕ್ ಬಂದವ್ಳೆ."

"ಗೋಡೆ ಮೈಮ್ಯಾಲೆ ಬಿದ್ದು ಇನ್ನೊಂದ್ ಎಣ ಆಗೋ ಆಸೆ ನಂಗಿಲ್ಲ ಕಣಕ್ಕ."

ಹಿಂದೆ ಯಾರೋ ನಗು ತಡೆಯಲು ಕೆಮ್ಮಿದರು. ಹೊಂಬಾಳಮ್ಮ ಈಗ ಕತ್ತೆತ್ತಿ ನೇರವಾಗಿ ನೋಡಿದಳು.

"ಗೋಡೆ ಬಿರಿದಿದ್ದು ಮಿಷನ್ನಿಂದಲ್ಲ. ನಿನ್ನಿಂದ."

*

ರಘು ಇನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಮಂಡ್ಯದ ಕಾರ್ಖಾನೆಗೆ ಕಬ್ಬು ಹಾಕಿ ಹಿಂದಿರುಗಿದ ಹೊನ್ನಯ್ಯನ ಟ್ರಾಕ್ಟರಿನಲ್ಲಿ ತುಕ್ಕು ಹಿಡಿದ ಕಬ್ಬಿಣದ ರಾಶಿಯೊಂದು ಬಂತು. ಯಾವುದೋ ಮುಚ್ಚಿದ ವರ್ಕ್‌ಶಾಪಿನದು. ಅದಕ್ಕಾಗಿ ಅವನು ಜೋಡಿ ಎತ್ತು ಮಾರಿದ್ದ. "ಗೌಡ್ರ ಮನೇಲ್ ಹುಟ್ಟಿ ಕುಲುಮೆ ಕೆಲ್ಸ ಮಾಡ್ತಾನಂತೆ," ಎಂದು ಸೋಮಮ್ಮನ ಗಂಡ ಇಡೀ ಬೀದಿಗೆ ಕೇಳಿಸುವಂತೆ ಉಗಿದ.

ಆ ಬೇಸಿಗೆಯೆಲ್ಲ ಸೋಮಮ್ಮ ಗೋಡೆಯ ಮೇಲಿಂದ ನೋಡಿದಳು. ಬಿಗಿದು ಕೂತ ನಟ್ಟನ್ನು ಅವನು ಹೊಡೆದು ಬಿಚ್ಚುತ್ತಿರಲಿಲ್ಲ. ಸೀಮೆಎಣ್ಣೆ ಬಿಟ್ಟು ಮಾರನೆಯ ದಿನದವರೆಗೆ ಕಾಯುತ್ತಿದ್ದ. ಹೊಂಬಾಳಮ್ಮ ಇಟ್ಟಿಗೆ ಚೂರಿನಿಂದ ತುಕ್ಕು ತಿಕ್ಕುತ್ತಿದ್ದಳು. ಸವೆದ ಬೇರಿಂಗಿಗೆ ಅವನು ಲೋಹ ಕರಗಿಸಿ ಹುಯ್ದ, ಮುರಿದ ಪಟ್ಟಿಯ ಬದಲು ಹಳೆ ಲಾರಿಯ ಸ್ಪ್ರಿಂಗು ಕಟ್ಟಿದ. ಕೊನೆಗೆ ಆಳವಾದ ಪಾಯ ತೆಗೆದು ಜಾಲಿಯ ದಿಮ್ಮಿಗಳನ್ನು ಹಾಸಿ ಯಂತ್ರ ನಿಲ್ಲಿಸಿದ. ಪಾಯಕ್ಕೂ ಗೋಡೆಗೂ ನಡುವೆ ಗೇಣಗಲದ ಕಾಲುವೆ ತೋಡಿ ಮರಳು ತುಂಬಿದ.

ಆ ಕಾಲುವೆ ಕಂಡದ್ದೇ ಸೋಮಮ್ಮ ಗಡಿ ಒತ್ತಿದ್ದಾನೆ ಎಂದು ಗಂಡನನ್ನು ಎಬ್ಬಿಸಿ ಊರ ಯಜಮಾನರನ್ನು ಕರೆಸಿದಳು.

"ಮರಳಿದ್ರೆ ಏಟು ನಿಮ್ ಕಡೀಕೆ ದಾಟಲ್ಲ ಕಣಮ್ಮ," ಎಂದ ಹೊನ್ನಯ್ಯ.

"ಇವತ್ತು ಮರಳು, ನಾಳೆ ಕಂಬ, ನಾಳಿದ್ದು ಮನೆ," ಎಂದಳು ಸೋಮಮ್ಮ. ಯಜಮಾನರು ಅವಳ ಪರ ತೀರ್ಪು ಕೊಟ್ಟರು. ಮರಳು ತೆಗೆಸಿ, ಗಡಿ ಮತ್ತೆ ಅಲುಗದಿರಲೆಂದು ಗೋಡೆಗೆ ಅಂಟಿಸಿ ಕಾಂಕ್ರೀಟು ಹಾಕಿಸಿದವಳು ಅವಳೇ. ಮಿಷನ್ನು ಮೊದಲ ಸಲ ಓಡಿದ ದಿನ ಅವಳ ಗೂಡಿನ ದೀಪ ಉರುಳಿತು.

ಅಲ್ಲಿಂದಾಚೆ ಎರಡು ಮನೆಗೂ ಮಾತಿಲ್ಲ. ಆದರೂ ಹೊನ್ನಯ್ಯ ಮೋಟರು ಹಾಕುವ ಮುಂಚೆ ಅವಳ ಸೂರಿನ ಕಡೆ ನೋಡುತ್ತಿದ್ದ. ಹೊಗೆ ಏಳುತ್ತಿದ್ದರೆ, ಒಲೆಯ ಮೇಲೆ ಹಾಲೋ ಸಾರೋ ಇದ್ದೀತೆಂದು, ಹೊಗೆ ಆರುವವರೆಗೆ ಬೀಡಿ ಸೇದುತ್ತ ಕೂರುತ್ತಿದ್ದ. ಸೋಮಮ್ಮ ಇದನ್ನು ಕಂಡಿದ್ದಳು. ಕಂಡ ಮೇಲೆ ಎಷ್ಟೋ ದಿನ, ಬೇಕೆಂದೇ ಹಸಿ ಸೌದೆ ಹಾಕಿ ಹೊಗೆ ಎಬ್ಬಿಸಿದ್ದಳು.

*

"ನಮ್ಮಪ್ಪ ಒಂದಿನಾನೂ ನಿಮ್ಮನ್ನ ಬೈದಿಲ್ಲ ಚಿಕ್ಕವ್ವ," ಎಂದಳು ಚಂದನ.

"ಬೈದಿದ್ರೆ ವಾಸಿಯಾಗಿತ್ತು. ಬೈಯ್ದೆ ಬಡ್ದ."

ಅಷ್ಟರಲ್ಲಿ ಗುಂಡಿ ತೆಗೆಯಲು ಹೋದವರಲ್ಲಿ ಇಬ್ಬರು ಬೆವರು ಒರೆಸಿಕೊಳ್ಳುತ್ತ ಬಂದರು. ಒಬ್ಬನ ಕೈಯಲ್ಲಿ ತುದಿ ಮುರಿದ ಹಾರೆ.

"ಮೊಣಕಾಲುದ್ದ ಇಳಿದಿಲ್ಲ ಕಣವ್ವ. ಕೆಳ್ಗೆಲ್ಲ ಗರಸು, ಬಂಡೆ ಇದ್ದಂಗದೆ."

"ಊರಲ್ ಬ್ಯಾರೆ ಹಾರೆ ಇಲ್ವೇನ್ಲಾ?" ಎಂದಳು ಹೊಂಬಾಳಮ್ಮ.

"ಎಲ್ಲಾ ತಂದಾಯ್ತು. ಎಲ್ಲಾ ಮೊಂಡು. ಹೊನ್ನಯ್ಯಣ್ಣ ಮಲಗಿದ್ಮ್ಯಾಲೆ ಯಾರು ಮೊನೆ ಮಾಡ್ಸವ್ರೆ?"

"ಪಕ್ಕದ ದೊಡ್ಡಿ ಆಚಾರ್ರತ್ರ ಕಳ್ಸಿ."

"ಇವತ್ತು ಅಮಾಸೆ. ಆಚಾರ್ರು ಕುಲುಮೆಗೆ ಬೆಂಕಿ ಇಕ್ಕಲ್ಲ." ಅವನು ತಡೆದು, "ಜೆಸಿಬಿ ತರ್ಸನ ಅಂದ್ರೆ ಸೋಮಮ್ಮಾರ ಕಬ್ಬು ತುಳ್ಕಂಡ್ ಓಗ್ಬೇಕು," ಎಂದ.

ಎಲ್ಲರೂ ಸೋಮಮ್ಮನ ಕಡೆ ತಿರುಗಿದರು.

"ನನ್ ಕಬ್ಬಿನ್ ಮ್ಯಾಲೆ ಚಕ್ರ ಅತ್ಬಾರ್ದು," ಎಂದಳು ಅವಳು.

ಹೊಂಬಾಳಮ್ಮ ಮಂಡಿಯ ಮೇಲೆ ಕೈಯೂರಿ ಎದ್ದಳು. "ಚಂದನ, ಮೋಟ್ರು ಆಕು. ಕರೆಂಟದೆ."

"ಎಣ ಇರೋ ಮನೇಲಿ ಬೆಂಕಿ ಇಕ್ತೀಯಾ?" ಎಂದಳು ಸೋಮಮ್ಮ.

"ಅವನ್ ಗುಂಡಿಗೇ ತಾನೆ." ಹೊಂಬಾಳಮ್ಮ ಗಂಡನ ಎದೆಯ ಮೇಲೆ ಕೈಯಿಟ್ಟಳು. "ಕೇಳ್ಕೊ ಸೋಮಿ. ಇವತ್ತೊಂದಿನ ಓಡ್ಲಿ. ತಿಥಿ ಮುಗಿದ ಮಾರ್ನೇ ದಿನ ಎತ್ತುಸ್ತೀನಿ. ಇವನ್ ಮುಂದೆ ಯೋಳ್ತಾ ಇವ್ನಿ."

ಇಷ್ಟು ಸುಲಭವಾಗಿ ಮಾತು ಸಿಗುತ್ತದೆಂದು ಸೋಮಮ್ಮ ಎಣಿಸಿರಲಿಲ್ಲ. ಗೆದ್ದವಳಿಗೆ ಕೂರಲು ಜಾಗ ತೋಚದೆ, ಕೊನೆಯ ಸಲ ಅದು ಓಡುವುದನ್ನು ನೋಡಿಯೇ ಬಿಡೋಣವೆಂದು ಹಿಂದೆಯೇ ಹೋದಳು.

ಕುಲುಮೆಯಲ್ಲಿ ಇದ್ದಿಲು ಕೆಂಪಾಯಿತು. ಹಾರೆಯ ತುದಿ ಕೇಸರಿ ಬಣ್ಣಕ್ಕೆ ಬರುತ್ತಲೇ ಹೊಂಬಾಳಮ್ಮ ಸೀರೆ ಎತ್ತಿ ಕಟ್ಟಿ ಪೆಡಲಿನ ಮೇಲೆ ಕಾಲಿಟ್ಟಳು. ನೋಡದೆಯೇ ಇಟ್ಟಳು. ಗಂಡ ಕಬ್ಬಿಣ ಹಿಡಿದರೆ ಏಟು ಬೀಳಿಸುವ ಕಾಲು ಇವಳದೇ ಎಂಬುದು ಆಗ ಎಲ್ಲರಿಗೂ ತಿಳಿಯಿತು. ಇಷ್ಟು ವರ್ಷ ಹೊನ್ನಯ್ಯನೊಬ್ಬನಿಗೇ ಹಾಕಿದ್ದ ಶಾಪದಲ್ಲಿ ಅರ್ಧ ಇವಳ ಪಾಲಿಗೆ ಸೇರಬೇಕಿತ್ತಲ್ಲ ಎಂದು ಸೋಮಮ್ಮನಿಗೆ ಹೊಟ್ಟೆ ಉರಿಯಿತು.

ಹಾರೆ ಹಿಡಿದವಳು ಚಂದನ. ಮೊದಲ ಏಟಿಗೇ ಅದು ಕೈಯಿಂದ ಚಿಮ್ಮಿ, ಕೆಂಪು ತುದಿ ನೆಲಕ್ಕೆ ಉಜ್ಜಿಕೊಂಡು ಹೋಯಿತು. ಗಂಡಸರು ಹಿಂದೆ ಸರಿದರು. ರಘು ಮುಂದೆ ಬಂದ.

"ಮಡಕೆ ಹೊರೋನು ಈ ಬೆಂಕಿ ಮುಟ್ಬಾರ್ದು. ಅಲ್ಲೇ ನಿಲ್ಲು," ಎಂದಳು ಸೋಮಮ್ಮ. ಚಾವಣಿಯ ನೆರಳು ಆಗಲೇ ಅಂಗಳ ದಾಟುತ್ತಿತ್ತು. ಅಮಾವಾಸ್ಯೆಯ ರಾತ್ರಿ ಗೋಡೆಯಾಚೆ ಹೆಣ ಇಟ್ಟುಕೊಂಡು ಮಲಗುವುದುಂಟೇ? "ಈಚೆ ಬಾ ಮಗ," ಎಂದು ಚಂದನಳನ್ನು ಸರಿಸಿ ತಾನೇ ನಿಂತಳು.

ಹೊಂಬಾಳಮ್ಮ ಗೋಣಿ ಚೂರೊಂದನ್ನು ನೀರಲ್ಲಿ ಅದ್ದಿ, ಸೋಮಮ್ಮ ಹಿಡಿಯಬೇಕಾದ ಕಡೆ ಹಾರೆಗೆ ಸುತ್ತಿ ಬಿಗಿದಳು.

"ಮಟ್ಟವಾಗಿ ಇಡ್ಕ. ಏಟಿಗೊಂದ್ಸಲ ತಿರುಗ್ಸು."

"ನಂಗೇನ್ ಯೋಳ್ಕೊಡ್ಬ್ಯಾಡ. ತುಳಿ."

ಏಟು ಬಿತ್ತು. ಅದರ ಅದುರು ಮುಂಗೈಯಿಂದ ಹಲ್ಲಿನ ಬುಡದವರೆಗೆ ಹರಿಯಿತು. ಅವಳು ತಿರುಗಿಸಿದಳು. ಮತ್ತೆ ಬಿತ್ತು. ಅವಳ ಮನೆಯೊಳಗೆ ಪಾತ್ರೆಯೊಂದು ಉರುಳಿದ ಸದ್ದು ಕೇಳಿಸಿತು. ಗೋಡೆಯ ಗಾರೆ ಉದುರಿ ಅವಳದೇ ಮುಂಗೈ ಮೇಲೆ ಬಿತ್ತು. "ನಿಲ್ಲುಸ್ಲಾ?" ಎಂದು ಹೊಂಬಾಳಮ್ಮ ಕೂಗಿದಳು. "ಕಬ್ಣ ಆರ್ತದೆ, ತುಳಿಯೇ," ಎಂದು ಸೋಮಮ್ಮ ಕೂಗಿದಳು. ಹಾರೆಗಳಿಗೆ ಒಂದೊಂದಾಗಿ ಮೊನೆ ಬಂತು.

*

ಹೊತ್ತು ಇಳಿಯುವ ಮುಂಚೆ ಗುಂಡಿಯಾಯಿತೆಂದು ಹೇಳಿಕಳಿಸಿದರು. ರಘು ಮಡಕೆ ಎತ್ತಿಕೊಂಡ. ಎತ್ತುವ ಮುನ್ನ ನೆಂಟರೆಲ್ಲ ಸಾಲಾಗಿ ಬಂದು ಸತ್ತವನ ಬಾಯಿಗೆ ನೀರು ಬಿಟ್ಟರು.

ಸೋಮಮ್ಮ ತಂಬಿಗೆ ತೆಗೆದುಕೊಂಡು ಬಾಗಿದಳು. ನೀರು ತುಟಿಗೆ ಬೀಳಲಿಲ್ಲ. ಗಲ್ಲದ ಮೇಲೆ ಚೆಲ್ಲಿ ಕತ್ತಿನಗುಂಟ ಹರಿಯಿತು. ಮತ್ತೆ ಬಿಟ್ಟಳು. ಮತ್ತೆ ಚೆಲ್ಲಿತು.

"ಅಳ್ಬ್ಯಾಡ ಕಣಕ್ಕ," ಎಂದಿತು ಹಿಂದಿನ ಸಾಲಿನಿಂದ ಒಂದು ದನಿ.

"ನಾನೆಲ್ಲಿ ಅಳ್ತಾ ಇವ್ನಿ?" ಎಂದು ಸೋಮಮ್ಮ ಗದರಿದಳು.

"ಮಿಷನ್ನಿನ ಅದುರು ಅದು," ಎಂದಳು ಹೊಂಬಾಳಮ್ಮ, ಗಂಡನ ಗಲ್ಲವನ್ನು ಸೆರಗಿನಿಂದ ಒರೆಸುತ್ತ. "ಒಸಿ ತಡಿ, ನಿಂತ್ಕತದೆ. ಇವ್ನಿಗೂ ಇಂಗೇ ಆಗೋದು. ಉಣ್ಣಕ್ ಕೂತ್ರೆ ಮುದ್ದೆ ನಾನೇ ಮುರ್ದ್ ಕೊಡ್ತಿದ್ದೆ."

ಸೋಮಮ್ಮ ಎರಡು ಕೈಯಲ್ಲೂ ತಂಬಿಗೆಯನ್ನು ಅವುಚಿ ಹಿಡಿದು, ಹೊನ್ನಯ್ಯನ ಮುಖದ ಮೇಲೆ ಬಾಗಿಕೊಂಡೇ ನಿಂತಳು. ಹಿಂದೆ ಸಾಲು ನಿಂತಿತ್ತು, ಮಡಕೆ ಹೊತ್ತ ಮಗ ನಿಂತಿದ್ದ. ತಂಬಿಗೆಯ ನೀರಿನಲ್ಲಿ ನಡುವಿನಿಂದ ಬಳೆಯಂಥ ಸಣ್ಣ ಅಲೆಗಳು ಒಂದರ ಹಿಂದೊಂದು ಎದ್ದು ಅಂಚಿಗೆ ಬಂದು ಬಡಿಯುತ್ತಿದ್ದವು.