ನೂರು ಬಂತು, ಮೂರು ಬರಲಿಲ್ಲ

ನಾಲ್ಕು ವರ್ಷದ ಮಗು ಕಣ್ಣಿಗೆ ಬಿದ್ದರೆ ನಾವೆಲ್ಲ ಕೇಳುವುದು ಒಂದೇ ಮಾತು: “ಎಷ್ಟರವರೆಗೆ ಎಣಿಸ್ತೀಯಾ, ಪುಟ್ಟಿ?”

ನಮ್ಮ ಬೀದಿಯ ಟೈಲರಣ್ಣನ ಮಗಳನ್ನು ಹೀಗೆ ಕೇಳಿದರೆ ಉತ್ತರ ಕೊಡುತ್ತಿದ್ದವನು ಅವನೇ. “ನೂರರವರೆಗೆ. ಬೇಕಾದ್ರೆ ಕೇಳಿ ನೋಡಿ” ಎಂದು ಮಷಿನ್ನು ನಿಲ್ಲಿಸುತ್ತಿದ್ದ. ಮಗಳು ಕೈಕಟ್ಟಿ ನಿಂತು ಒಂದೇ ಉಸಿರಿಗೆ ನೂರು ಮುಟ್ಟಿಸುತ್ತಿದ್ದಳು. ಗಿರಾಕಿಗಳು ಭೇಷ್ ಅನ್ನುತ್ತಿದ್ದರು. ಟೈಲರಣ್ಣ ಓದಿದ್ದು ನಾಲ್ಕನೇ ಕ್ಲಾಸಿನವರೆಗೆ. ಬಟ್ಟೆಗೆ ಸಿಕ್ಕಿಸುವ ಚೀಟಿಯಲ್ಲಿ ಗಿರಾಕಿಗಳ ಹೆಸರು ತಪ್ಪು ಬರೆದು ಎಷ್ಟೋ ಸಲ ನಗೆಪಾಟಲಾಗಿದ್ದ. ಮಗಳಿಗೆ ಆ ಗತಿ ಬರಬಾರದು ಅನ್ನುವುದು ಅವನ ಹಟ.

ಅಂಗಡಿ ಅಂದರೆ ಮನೆಯ ಮುಂದಿನ ಕೋಣೆಯೇ. ಒಂದು ಮಷಿನ್ನು, ಬಟ್ಟೆ ಕತ್ತರಿಸುವ ಮೇಜು, ಗೋಡೆಯುದ್ದಕ್ಕೂ ದಾರದ ರೀಲುಗಳು. ಮೂಲೆಯಲ್ಲಿ ಚಾಪೆ ಹಾಸಿಕೊಂಡು ಅವನ ತಾಯಿ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಕೈಯಲ್ಲಿ ಸೂಜಿ, ಬಾಯಲ್ಲಿ ಕಥೆ. ಮೂರು ಇರುವೆಗಳು ಸಕ್ಕರೆ ಡಬ್ಬಿ ಹುಡುಕಿಕೊಂಡು ಹೊರಟ ಕಥೆ ಅಂದರೆ ಮೊಮ್ಮಗಳಿಗೆ ಪ್ರಾಣ.

ಒಂದು ದಿನ ಟೈಲರಣ್ಣನಿಗೆ ತಾಳ್ಮೆ ತಪ್ಪಿತು. “ಅಮ್ಮ, ಸಾಕು ನಿನ್ನ ಇರುವೆ ಪುರಾಣ. ನನಗೂ ಇದನ್ನೇ ಹೇಳಿ ಬೆಳೆಸಿದೆ. ಏನು ಉದ್ಧಾರ ಆದೆ ನಾನು? ಇವಳನ್ನಾದ್ರೂ ಬಿಟ್ಟುಬಿಡು” ಅಂದ.

ಅಜ್ಜಿ ಮುಂದಿನ ಅಂಗಿ ಎತ್ತಿಕೊಂಡಳು. ಅವತ್ತಿನಿಂದ ಮನೆಯಲ್ಲಿ ಕಥೆ ನಿಂತಿತು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನೂರರ ಎಣಿಕೆ ಮಾತ್ರ ನಡೆಯಿತು.

ಹೀಗಿರುವಾಗ ಶಿಶುವಿಹಾರದ ಟೀಚರ್ ಅಳತೆ ಕೊಡಲು ಬಂದರು. ಇನ್ನೂ ಮೂರ್ನಾಲ್ಕು ಗಿರಾಕಿಗಳಿದ್ದರು. ಟೈಲರಣ್ಣನಿಗೆ ಇದಕ್ಕಿಂತ ಒಳ್ಳೆಯ ಸಮಯ ಬೇಕೇ? ಮಗಳನ್ನು ಕರೆದು ಎಣಿಸಲು ಹೇಳಿದ. ಅವಳು ಎಲ್ಲೂ ತಡವರಿಸದೆ ನೂರು ಮುಗಿಸಿದಳು. ಟೀಚರ್ ಅವಳ ಬೆನ್ನು ತಟ್ಟಿ, ಮೇಜಿನ ಮೇಲಿದ್ದ ಗುಂಡಿಗಳ ಬಟ್ಟಲು ತೋರಿಸಿ, “ನಂಗೆ ಮೂರು ಗುಂಡಿ ಕೊಡ್ತೀಯಾ ಕಂದ?” ಅಂತ ಕೇಳಿದರು.

ಮಗು ಬಟ್ಟಲು ನೋಡಿತು, ಅಪ್ಪನ ಮುಖ ನೋಡಿತು. ಆಮೇಲೆ ಒಂದು ಮುಷ್ಟಿ ಗುಂಡಿ ಎತ್ತಿ ಟೀಚರ್ ಕೈಗೆ ಸುರಿಯಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

ಮರದ ಸ್ಕೇಲು ಟೈಲರಣ್ಣನ ಕೈಯಲ್ಲೇ ಇತ್ತು. “ನೂರು ಬರುತ್ತೆ, ಮೂರು ಬರಲ್ವಾ?” ಅನ್ನುತ್ತಾ ಅವಳ ಅಂಗೈ ಮೇಲೆ ಬಾರಿಸಿಬಿಟ್ಟ.

ಮಗು ಅಳಲಿಲ್ಲ. ಎರಡೂ ಕೈ ಬೆನ್ನ ಹಿಂದೆ ಅಡಗಿಸಿಕೊಂಡು, “ಒಂದು, ಎರಡು, ಮೂರು, ನಾಲ್ಕು” ಎಂದು ಗಡಗಡನೆ ಶುರು ಮಾಡಿತು. ಹತ್ತು ದಾಟಿತು, ಇಪ್ಪತ್ತು ದಾಟಿತು. ನಕ್ಕವರು ನೆಲ ನೋಡುತ್ತಾ ನಿಂತರು. ಮೂವತ್ತೇಳಕ್ಕೆ ಬಂದಾಗ ಅಜ್ಜಿ ಎದ್ದು ಬಂದು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು.

ಟೈಲರಣ್ಣ ಆ ಮಧ್ಯಾಹ್ನ ಎಡದ ತೋಳನ್ನು ಬಲಕ್ಕೆ ಹೊಲಿದ. ಬಿಚ್ಚಿ ಮತ್ತೆ ಹಾಗೇ ಹೊಲಿದ. ಆಸ್ಪತ್ರೆಯ ಕೆಲಸ ಮುಗಿಸಿ ಬಂದ ಹೆಂಡತಿ ಮಗಳ ಕೈ ಮೇಲಿನ ಕೆಂಪು ಗೆರೆ ನೋಡಿ ಏನಾಯಿತು ಅಂತ ಕೇಳಿದಳು. “ಬಾಗಿಲಿಗೆ ಸಿಕ್ತು” ಅಂದ. ಅಜ್ಜಿಗೆ ಕೇಳಿಸಿತು. ಮಗುವಿಗೂ ಕೇಳಿಸಿತು.

ಮರುದಿನದಿಂದ ಮಗು ಅಂಗಡಿಗೆ ಕಾಲಿಡಲಿಲ್ಲ. ‘ಒಂದು’ ಅನ್ನುವ ಮಾತು ಕೇಳಿದರೆ ಅಜ್ಜಿಯ ಹಿಂದೆ ಸರಿಯುತ್ತಿತ್ತು. ನಾಲ್ಕನೇ ದಿನ ಟೈಲರಣ್ಣ ಶಿಶುವಿಹಾರಕ್ಕೆ ಹೋದ. ಒಳಗೆ ಹೋಗಲು ಮುಖವಿಲ್ಲದೆ ಮಕ್ಕಳ ಚಪ್ಪಲಿಗಳ ಪಕ್ಕದಲ್ಲೇ ನಿಂತ. ಟೀಚರ್ ತಾವೇ ಹೊರಗೆ ಬಂದರು.

“ನಾನು ಹೊಡೀಬಾರದಿತ್ತು, ಟೀಚರ್” ಅಂದ.

“ಇದನ್ನ ನಂಗ್ಯಾಕೆ ಹೇಳ್ತೀರಣ್ಣ?” ಅಂದರು ಅವರು.

ಟೀಚರ್ ಬೈಯಲಿಲ್ಲ. ಮಗುವಿನದೇನೂ ತಪ್ಪಿಲ್ಲ, ಅವಳು ಕಲಿತಿದ್ದು ಗಿಳಿಪಾಠ, ಅಷ್ಟೇ ಅಂದರು. ಮೂರು ಅನ್ನುವುದು ಬಾಯಿಗೆ ಬಂದರೆ ಸಾಲದು, ಮೊದಲು ಕೈಗೆ, ಕಣ್ಣಿಗೆ ಬರಬೇಕು. ಅದಕ್ಕೆ ದಾರಿ ಕಥೆ ಮತ್ತು ಹಾಡು. ಕಥೆಯಲ್ಲಿ ಯಾರು ದೊಡ್ಡವರು, ಯಾರು ಚಿಕ್ಕವರು, ಯಾರು ಒಳಗೆ, ಯಾರು ಹೊರಗೆ, ಮೊದಲು ಏನಾಯಿತು, ಆಮೇಲೆ ಏನಾಯಿತು ಎಲ್ಲ ಇರುತ್ತದೆ. ಮಗು ಆಟವಾಡುತ್ತಲೇ ಅದನ್ನೆಲ್ಲ ಹಿಡಿದುಕೊಳ್ಳುತ್ತದೆ.

ಟೈಲರಣ್ಣನಿಗೆ ಇನ್ನೂ ನಂಬಿಕೆ ಬರಲಿಲ್ಲ. ತನಗೆ ಓದು ಅಷ್ಟಕ್ಕಷ್ಟೇ, ಪುಸ್ತಕ ಹಿಡಿದು ಕಥೆ ಹೇಳುವವರು ಎಲ್ಲಿಂದ ಬರಬೇಕು ಅಂದ.

“ಪುಸ್ತಕ ಇದ್ರೆ ಒಳ್ಳೇದೇ. ಇಲ್ದಿದ್ರೆ ಬಾಯಿ ಇದೆಯಲ್ಲ? ನಿಮ್ಮನೇಲಿ ಕಥೆ ಹೇಳೋರು ಯಾರೂ ಇಲ್ವಾ?”

ಇದ್ದಾರೆ, ನಾನೇ ಬಾಯಿ ಮುಚ್ಚಿಸಿದೆ ಅಂತ ಟೈಲರಣ್ಣ ಹೇಗೆ ಹೇಳಬೇಕು?

ಮನೆಗೆ ಬಂದವನು ತಾಯಿಯ ಎದುರು ನೆಲದ ಮೇಲೆ ಕೂತ. ಆ ಇರುವೆ ಕಥೆಯನ್ನು ಮಗುವಿಗೆ ಮತ್ತೆ ಹೇಳಬೇಕು ಅಂತ ಕೇಳಿಕೊಂಡ. ಅಜ್ಜಿ ಸೂಜಿಗೆ ದಾರ ಪೋಣಿಸುತ್ತಾ, “ಮರೆತುಹೋಯ್ತಪ್ಪ” ಅಂದಳು. ಮರೆತಿಲ್ಲ ಅಂತ ಅವನಿಗೂ ಗೊತ್ತು, ಅವಳಿಗೂ ಗೊತ್ತು.

“ತಪ್ಪಾಯ್ತಮ್ಮ” ಅಂದ. ಆಮೇಲೆ ತಾನೇ ಕಥೆ ಶುರು ಮಾಡಿದ. ಒಂದೂರಲ್ಲಿ ಮೂರು ಇರುವೆ, ದೊಡ್ಡ ಇರುವೆ ಎಲ್ಲರಿಗಿಂತ ಮುಂದೆ ಹೋಗುತ್ತಿತ್ತು ಅಂದ.

ಒಳಕೋಣೆಯ ಪರದೆಯ ಹಿಂದಿನಿಂದ ಮಗುವಿನ ಸಣ್ಣ ದನಿ ಬಂತು: “ಅಲ್ಲ. ದೊಡ್ಡದು ಹಿಂದೆ. ಚಿಕ್ಕದು ಮುಂದೆ.”

ಅಜ್ಜಿ ಕೆಲಸ ಬಿಟ್ಟು ಮಗನ ಮುಖ ನೋಡಿದಳು. “ನೋಡು, ಇಷ್ಟು ದಿನ ಆದ್ರೂ ಅವಳು ಮರೆತಿಲ್ಲ” ಎಂದು, ಕಥೆಯನ್ನು ತಾನೇ ಕೈಗೆತ್ತಿಕೊಂಡಳು. ಮಗು ಬಂದು ಅಜ್ಜಿಯ ತೊಡೆಗೆ ಒರಗಿ ಕೂತಿತು. ಅಪ್ಪನ ಹತ್ತಿರ ಬರಲಿಲ್ಲ. ಅವತ್ತು ಸಂಜೆ ಅವನು ಹೆಂಡತಿಗೆ ಬಾಗಿಲಿನ ಮಾತು ಸುಳ್ಳು ಅಂತ ಹೇಳಿದ. ಅವಳು ಎರಡು ದಿನ ಅವನ ಜೊತೆ ಮಾತು ಬಿಟ್ಟಳು. ಅದು ನ್ಯಾಯವೇ ಅಂತ ಅವನಿಗೂ ಅನ್ನಿಸಿತು.

ಆಮೇಲೆ ಅಜ್ಜಿ ಗುಂಡಿ ಹಚ್ಚುವಾಗ ಹಾಡೊಂದು ಕಟ್ಟಿದಳು:

ಒಂದು ಗುಂಡಿ ಅಂಗಿಗೆ,
ಎರಡು ಗುಂಡಿ ತಂಗಿಗೆ,
ಇನ್ನೊಂದು ಗುಂಡಿ ಎಲ್ಲಿಗೆ?
ಉರುಳಿ ಹೋಯ್ತು ಗಲ್ಲಿಗೆ!

ಮಗು ಹಾಡುತ್ತಾ ಒಂದೊಂದೇ ಗುಂಡಿ ಎತ್ತಿಡುತ್ತಿತ್ತು. ಕೆಂಪಿನದು ಕೆಂಪಿನ ಜೊತೆ, ದೊಡ್ಡದು ದೊಡ್ಡದರ ಜೊತೆ. ಯಾರೂ ಪರೀಕ್ಷೆ ಮಾಡಲಿಲ್ಲ. ತಪ್ಪಿದರೆ ಹಾಡು ಇನ್ನೊಂದು ಸಲ. ಈಗ ಅಜ್ಜಿ ಮೂರು ಗುಂಡಿ ಕೇಳಿದರೆ ಅವಳು ಮೂರೇ ಎಣಿಸಿ ಕೊಡುತ್ತಾಳೆ, ತಾನೇ ಕಥೆ ಕಟ್ಟುತ್ತಾಳೆ, ಅಪ್ಪನನ್ನೂ ಕೂರಿಸಿಕೊಂಡು ಹೇಳುತ್ತಾಳೆ. ಆದರೆ ಅವನು ಬಟ್ಟೆಗೆ ಗುರುತು ಹಾಕಲು ಸ್ಕೇಲು ಎತ್ತಿದರೆ ಅವಳ ಕೈಗಳು ಇವತ್ತಿಗೂ ಬೆನ್ನ ಹಿಂದೆ ಹೋಗುತ್ತವೆ. ಅದಕ್ಕೇ ಅವನು “ಗೆರೆ ಎಳೀತೀನಮ್ಮ” ಅಂತ ಮೊದಲು ಹೇಳಿ, ಆಮೇಲೆ ಸ್ಕೇಲು ಮುಟ್ಟುತ್ತಾನೆ.

ಇದನ್ನು ಬರೆಯಲೇ ಅಂತ ನಾನು ಕೇಳಿದಾಗ ಅವನು ಹೇಳಿದ್ದು ಇಷ್ಟೇ: “ಬರೀರಿ. ಹೊಡೆದದ್ದನ್ನ ಮಾತ್ರ ಬಿಡಬೇಡಿ.”

ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಪುಟ್ಟ ಮಗು ಇದ್ದರೆ ದಿನಕ್ಕೊಂದು ಕಥೆ ಹೇಳಿ, ಒಂದು ಹಾಡು ಹಾಡಿ. ಬಟ್ಟೆ ಮಡಿಸುವಾಗ, ತರಕಾರಿ ಹೆಚ್ಚುವಾಗ, ಸ್ನಾನ ಮಾಡಿಸುವಾಗ ಯಾವಾಗಲಾದರೂ ಆದೀತು. ಯಾವುದು ದೊಡ್ಡದು, ಎಷ್ಟು ಉಳಿಯಿತು, ಆಮೇಲೆ ಏನಾಯಿತು ಅಂತ ಮಾತಾಡಿಸಿ. ತಪ್ಪು ಹೇಳಿದರೆ ನಗಬೇಡಿ, ನಾಲ್ಕು ಜನರ ಮುಂದೆ ನಿಲ್ಲಿಸಬೇಡಿ, ಕೈ ಎತ್ತಲೇಬೇಡಿ. ಮನೆಯಲ್ಲಿ ಕಥೆ ಬಲ್ಲ ಹಿರಿಯರು ಸುಮ್ಮನೆ ಕೂತಿದ್ದರೆ, ಯಾಕೆ ಸುಮ್ಮನಾದರು ಅಂತ ಇವತ್ತೇ ಹೋಗಿ ಕೇಳಿ.