ಗುಡ್ಡ ಜಾರಿದ ಮೇಲೆ

ಬೋಸ್ನಾ ನದಿಯ ದಂಡೆಯಲ್ಲಿ ಮೇ ತಿಂಗಳ ಮಳೆ ಬಿಡದೆ ಸುರಿದ ವಾರ, ಹಸ್ನಿಯಾಳ ಮನೆಯ ಹಿಂದಿನ ಗುಡ್ಡ ಜಾರಿತು. ಹಸುವಿನ ಹಗ್ಗ ಬಿಚ್ಚಲೆಂದು ಹೋಗಿದ್ದ ಗಂಡ ನೆಝಿರ್ ಕೊಟ್ಟಿಗೆಯ ಸಮೇತ ಮಣ್ಣಿನಡಿ ಸಿಕ್ಕಿಕೊಂಡ. ಮೈದುನ ಶೆಫ್ಕೊ ತನ್ನ ಜೆಸಿಬಿ ತಂದ. ಅದು ಕೆಸರಲ್ಲಿ ಹೂತಾಗ ಗುದ್ದಲಿ ಹಿಡಿದ. ಗುದ್ದಲಿ ಅಣ್ಣನ ಮೈಗೆ ತಾಗೀತೆಂದು ಕೊನೆಗೆ ಬರಿಗೈಯಲ್ಲೇ ಬಗೆದ. ಹೆಣ ಸಿಕ್ಕಾಗ ಅವನ ಉಗುರುಗಳೆಲ್ಲ ರಕ್ತವಾಗಿದ್ದವು. ಹಸ್ನಿಯಾ ಅದನ್ನು ಕಂಡಳು. ಆ ಗುಡ್ಡದ ಓಕ್ ಮರಗಳನ್ನು ಹಿಂದಿನ ವರ್ಷ ಕಡಿದು ಮಾರಿದವನೂ ಇವನೇ ಎಂಬುದನ್ನು ಮರೆಯಲೂ ಆಗಲಿಲ್ಲ.

ಮಣ್ಣು ಮಾಡಿ ಬಂದ ಗಂಡಸರು ಅಂಗಳದಲ್ಲಿ ಕಾಫಿ ಕುಡಿಯುತ್ತ ಮಳೆಯ ಮಾತಿಗೆ ಇಳಿದರು. ಮಸೀದಿಯಲ್ಲಿ ನಮಾಜು ಮಾಡಿಸುವ ಹೋಜಾ, ಅಲ್ಲಾಹನ ಇಚ್ಛೆ ಎಂದರು. ತಾನು ಹುಡುಗನಾಗಿದ್ದಾಗಲೂ ನದಿ ಹೀಗೇ ಉಕ್ಕಿತ್ತು, ಆಗ ಯಾರೂ ಹವಾಮಾನದ ಹೆಸರೆತ್ತಲಿಲ್ಲ ಎಂದು ಮುದುಕನೊಬ್ಬ ಗೊಣಗಿದ. ದೊಡ್ಡ ದೇಶಗಳ ಕಾರ್ಖಾನೆಗಳು ಗಾಳಿ ಕೆಡಿಸಿವೆ, ಟಿ.ವಿ.ಯಲ್ಲೇ ಹೇಳಿದರು ಎಂದ ಶೆಫ್ಕೊ. ಎಲ್ಲರೂ ತಲೆಯಾಡಿಸಿದರು. ಯಾರ ಕಣ್ಣೂ ಗುಡ್ಡದ ಕಡೆ ಹೋಗಲಿಲ್ಲ.

ಬೇಸಿಗೆಯಲ್ಲಿ ರಾಜಧಾನಿ ಸಾರಾಯೆವೊದಿಂದ ಹವಾಮಾನ ತಜ್ಞೆಯೊಬ್ಬಳು ಜಾಗ ನೋಡಲು ಬಂದಳು. ದಾರಿ ತೋರಿಸಿದವನು ಶೆಫ್ಕೊ. ಹಸ್ನಿಯಾ ಇಬ್ಬರಿಗೂ ಕಾಫಿ ಕೊಟ್ಟು ನೇರವಾಗಿ ಕೇಳಿದಳು.

“ನನ್ನ ಗಂಡನ್ನ ಆಕಾಶ ಕೊಂದಿದ್ದಾ, ಮನುಷ್ಯ ಕೊಂದಿದ್ದಾ? ಒಂದೇ ಮಾತಲ್ಲಿ ಹೇಳು ಮಗಳೇ.”

“ಒಂದೇ ಮಾತಲ್ಲಿ ಆಗಲ್ಲಮ್ಮ. ಇಂಥ ಮಳೆ ಹಿಂದೆಯೂ ಬಂದಿದೆ. ನಾವು ಮನುಷ್ಯರು ಭೂಮೀನ ಬಿಸಿ ಮಾಡಿರೋದ್ರಿಂದ ಇನ್ನೂ ಜೋರಾಗಿ ಬರೋದು ಹೆಚ್ಚಾಗಿದೆ. ಆದ್ರೆ ಈ ಒಂದು ಮಳೆಯಲ್ಲಿ ನಮ್ಮ ಪಾಲೆಷ್ಟು ಅನ್ನೋದು ಇನ್ನೂ ಗೊತ್ತಾಗಿಲ್ಲ.”

“ಗುಡ್ಡ?”

“ಮರದ ಬೇರು ಇದ್ದಿದ್ರೆ ಮಣ್ಣು ಹಿಡಿದಿಟ್ಕೋತಿತ್ತೇನೋ. ಅಷ್ಟು ಮಳೆಗೆ ಬೇರಿದ್ರೂ ಜಾರ್ತಿತ್ತೇನೋ.”

“ಕೇಳಿಸ್ಕೊಂಡ್ರಾ ಅತ್ತಿಗೆ,” ಶೆಫ್ಕೊ ಮೆಲ್ಲಗೆ ಅಂದ. “ಬೇರಿದ್ರೂ ಜಾರ್ತಿತ್ತು.”

“ಜಾರ್ತಿತ್ತೇನೋ ಅಂದ್ಲು. ಆ ‘ಏನೋ’ನ ನೀನು ನುಂಗ್ಬಿಟ್ಟೆ.”

“ಹೋದ ಚಳಿಗಾಲ ನಿಮ್ಮ ಒಲೇಲಿ ಉರಿದಿದ್ದೂ ಅದೇ ಸೌದೆ. ಅಣ್ಣ ಬೇಡ ಅಂದ್ನಾ?”

ಅದು ನಿಜವೇ ಆಗಿತ್ತು. ತಮ್ಮ ತಂದು ಹಾಕಿದ ಸೌದೆಯನ್ನು ನೆಝಿರ್ ಖುಷಿಯಿಂದಲೇ ಒಟ್ಟಿದ್ದ. ತಪ್ಪೆಲ್ಲ ಒಬ್ಬನದೇ ಆಗಿದ್ದರೆ ಬಾಯ್ತುಂಬ ಶಪಿಸಿ ಹಗುರಾಗುತ್ತಿದ್ದಳು. ಹಸ್ನಿಯಾ ಖಾಲಿ ಬಟ್ಟಲುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಎಲೆ ಉದುರುವ ಕಾಲಕ್ಕೆ ಊರಿನ ಇನ್ನೊಂದು ಮಗ್ಗುಲಿನಿಂದ ಗರಗಸದ ಯಂತ್ರದ ಸದ್ದು ಕೇಳಿತು. ಅವಳು ಏದುಸಿರು ಬಿಡುತ್ತ ಅಲ್ಲಿನ ಗುಡ್ಡ ಹತ್ತಿದಳು. ಶೆಫ್ಕೊ ಯಂತ್ರ ನಿಲ್ಲಿಸಿದ.

“ಮರದ ವ್ಯಾಪಾರಿಗೆ ಮಾತು ಕೊಟ್ಟಾಗಿದೆ ಅತ್ತಿಗೆ. ಈ ಒಂದು ಗುಡ್ಡ ಬಿಟ್ಟುಬಿಟ್ರೆ ಲೋಕದ ಮಳೆ ನಿಲ್ಲುತ್ತಾ?”

“ನಿಲ್ಲಲ್ಲ. ಕೆಳಗೆ ಯಾರ ಮನೆ ಇದೆ ನೋಡು.”

ಕೆಳಗಿದ್ದುದು ಅವನದೇ ಮನೆ. ಅಂಗಳದಲ್ಲಿ ಅವನ ಹೆಂಡತಿ ಚಳಿಗಾಲಕ್ಕೆ ಕೂಡಿಡಲು ದಪ್ಪ ಮೆಣಸಿನಕಾಯಿ ಸುಡುತ್ತಿದ್ದಳು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಯಂತ್ರ ಮತ್ತೆ ಚಾಲೂ ಮಾಡಲು ಅದರ ದಾರ ಎಳೆದ.

ಹಿಮ ಬೀಳುವ ಮೊದಲೇ ಹಸ್ನಿಯಾ ಝೆನಿತ್ಸಾ ಪಟ್ಟಣದ ತಂಗಿಯ ಮನೆಗೆ ಹೊರಟಳು. ಮೇಲಿನ ಗುಡ್ಡ ಬೋಳಾಗಿದೆ, ನೀನೂ ಬಾ ಎಂದು ಶೆಫ್ಕೊನ ಹೆಂಡತಿಯನ್ನೂ ಕರೆದಳು. ಅವಳು ಬರಲಿಲ್ಲ.